ಬುಗುರಿ ಅಲುಗದೆ ಕೂತಳು

"ಅಮ್ಮಾ, ನಿಲ್ಸು! ನಿಲ್ಸು ಅಂದ್ನಲ್ಲಾ!"

ಬುಗುರಿ ಎರಡೂ ಕೈ ಅಗಲಿಸಿ ಬುಲ್ಡೋಜರಿನ ಮುಂದೆ ನಿಂತುಬಿಟ್ಟಳು. ಎಂಜಿನ್ ಗುರ್ ಎಂದು ನಿಂತಿತು. ಡ್ರೈವರ್ ಸೀಟಿನಿಂದ ಅಮ್ಮ ಧುಮುಕಿದಳು.

"ತಲೆ ನೆಟ್ಟಗಿದ್ಯಾ ನಿಂಗೆ? ಯಂತ್ರದ ಮುಂದೆ ಬರಬೇಡ ಅಂತ ಎಷ್ಟು ಸಲ ಹೇಳಿದೀನಿ!"

"ಇಲ್ಲಿ ಮುಳ್ಳುಬಾಲದ ಓತಿ ಇದೆ, ಅಮ್ಮ. ಬಿಲದೊಳಗೆ ಹೋಗಿದ್ದನ್ನ ನಿನ್ನೆ ನಾನೇ ನೋಡ್ದೆ."

ಅಮ್ಮ ಬಗ್ಗಿ ನೋಡಿದಳು. ಬರೀ ಮರಳು.

"ಎಲ್ಲಿದೆ ಬಿಲ?"

"ರಾತ್ರಿ ಒಳಗಿಂದ ಮಣ್ಣು ತುಂಬಿ ಬಾಗಿಲು ಹಾಕ್ಕೊಳ್ಳುತ್ತೆ. ಬಿಸಿಲೇರಿದ್ಮೇಲೇ ಏಳೋದು."

"ನಿನ್ನ ಹಾಗೇ ಅನ್ನು!"

ಬೇಲಿಯಾಚೆ ನಿಂತಿದ್ದ ವಾಲಿಬಾಲ್ ಟೀಮ್ ಕಿಸಕ್ಕನೆ ನಕ್ಕಿತು. ಶಾಲೆಯ ಹಿಂದಿನ ಈ ಬಯಲಲ್ಲಿ ಕೋರ್ಟ್ ಬೇಕೆಂದು ಹೆಡ್‌ಮೇಷ್ಟ್ರಿಗೆ ಅರ್ಜಿ ಬರೆದವಳು ಬುಗುರಿಯೇ. ಒಂದು ಕಡೆ ಕಾಲು ನಿಲ್ಲದವಳೆಂದು ಆ ಹೆಸರಿಟ್ಟವರು ಇವರೇ.

"ಒಂದು ಓತಿಗೋಸ್ಕರ ಕೋರ್ಟ್ ಬಿಡ್ತೀಯೇನೇ?" ಕ್ಯಾಪ್ಟನ್ ಹುಡುಗಿ ಕೂಗಿದಳು.

ಅಮ್ಮ ವಾಚ್ ನೋಡಿಕೊಂಡಳು. "ಹತ್ತು ಗಂಟೆವರೆಗೆ ಯಂತ್ರಕ್ಕೆ ಗ್ರೀಸ್ ಹಚ್ತೀನಿ. ಅಷ್ಟರಲ್ಲಿ ಓತಿ ಬರ್ಲಿಲ್ಲ ಅಂದ್ರೆ ನೀನು ಅಡ್ಡ ಬರಬಾರದು."

"ಬಂದೇ ಬರುತ್ತೆ."

ಬುಗುರಿ ಹತ್ತು ಹೆಜ್ಜೆ ದೂರದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಕಾಲು ಜೋಮು ಹಿಡಿಯಿತು. ಮೂಗಿನ ಮೇಲೆ ನೊಣ ಕೂತಿತು. ಓಡಿಸಲಿಲ್ಲ. ಬೆವರು ಕಣ್ಣಿಗಿಳಿಯಿತು. ಒರೆಸಲಿಲ್ಲ.

ಹತ್ತಕ್ಕೆ ಐದು ನಿಮಿಷವಿತ್ತು. ಅಮ್ಮ ಕೈ ಒರೆಸಿಕೊಂಡು ಎದ್ದಳು.

ಆಗ ಮರಳು ಕುಸಿಯಿತು. ಒಂದು ಚಪ್ಪಟೆ ತಲೆ ಕಾಣಿಸಿತು. ಹಿಂದೆಯೇ ದಪ್ಪ ಹೊಟ್ಟೆ, ಕೊನೆಗೆ ಸಾಲು ಸಾಲು ಮುಳ್ಳಿನ ಬಾಲ. ಓತಿ ಬಿಸಿಲಿಗೆ ಮೈ ಚೆಲ್ಲಿತು.

"ಅಬ್ಬಾ, ಗತ್ತು ನೋಡು ಇದರದ್ದು!" ಅಮ್ಮ ಪಿಸುಗುಟ್ಟಿದಳು. ಎಂಜಿನ್ ಕೀಲಿಯನ್ನು ಜೇಬಿಗಿಳಿಸಿದಳು.

ಹೆಡ್‌ಮೇಷ್ಟ್ರು ಟೇಪ್ ಹಿಡಿದು ಬಂದು ಅಳೆದರು. "ಕೋರ್ಟನ್ನ ಆಚೆ ಸರಿಸಿ ತಿರುಗಿಸಬಹುದು. ಆದ್ರೆ ಸಂಜೆ ಹೊತ್ತು ಒಂದು ಕಡೆಯವರ ಕಣ್ಣಿಗೆ ಬಿಸಿಲು ಹೊಡೆಯುತ್ತೆ."

"ಆ ಕಡೆ ಯಾರು ಆಡೋದು?" ಕ್ಯಾಪ್ಟನ್ ಮುಖ ಊದಿಸಿಕೊಂಡಳು.

"ನಾನು," ಎಂದಳು ಬುಗುರಿ.

ಮುಂದಿನ ವಾರ ಆಟ ಶುರುವಾಯಿತು. ಬಿಸಿಲಿನೊಳಗಿಂದಲೇ ಬಾಲ್ ಬಂತು. ಬುಗುರಿ ಒಂದರ ಹಿಂದೆ ಒಂದರಂತೆ ಮೂರು ಬಿಟ್ಟಳು. ನಾಲ್ಕನೆಯದು ಹಣೆಗೇ ಬಡಿಯಿತು.

"ನಿನ್ನ ಓತಿ ಬಂದು ಥ್ಯಾಂಕ್ಸ್ ಹೇಳ್ತಾ ಏನೇ?" ಕ್ಯಾಪ್ಟನ್ ಛೇಡಿಸಿದಳು.

ಬುಗುರಿ ಹಣೆ ಉಜ್ಜಿಕೊಳ್ಳುತ್ತ ದೂರಕ್ಕೆ ನೋಡಿದಳು. ಬಿಲದಿಂದ ತಲೆಯಷ್ಟೇ ಹೊರಹಾಕಿ ಓತಿ ಎಲೆ ಅಗಿಯುತ್ತಿತ್ತು. ಅರ್ಜಿ, ಟೇಪ್, ಹಣೆಯ ಬುಗುಟು, ಅದಕ್ಕೆ ಯಾವುದೂ ಗೊತ್ತಿರಲಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ ಎಂದು ಬುಗುರಿಗೆ ಅನ್ನಿಸಿತು.

ಕಣ್ಣು ಕಿರಿದು ಮಾಡಿ ಕಾಲು ಊರಿ ನಿಂತಳು.

"ಹೂಂ, ಸರ್ವ್ ಮಾಡು!"