ಮೂರೂರಿನ ಒಂದೇ ಜಿಗಿತ

“ಸ್ಟಾಪ್!”

ಸಂಘಮಿತ್ರಾಳ ಎಡಗಾಲು ಇನ್ನೂ ಗಾಳಿಯಲ್ಲಿತ್ತು. ಇಳಿಸಬೇಕೋ ಬೇಡವೋ ತಿಳಿಯದೆ ಅವಳು ಕೊಕ್ಕರೆಯ ಹಾಗೆ ನಿಂತಳು.

“ಕಾಲು ಇಳಿಸು,” ಎಂದರು ಜಯಶ್ರೀ ಮೇಡಂ. ಬೆಲ್ಟ್ ಪರೀಕ್ಷೆ ಮಾಡಲು ರಾಯಚೂರಿನಿಂದ ಬಂದವರು ಅವರು. “ತಿರುಗೂಕಿಂತ ಮೊದಲು ಏನು ಮಾಡಿದಿ?”

“ಜಿಗಿದೆ ರೀ.”

“ಯಾಕ?”

ಇದೆಂಥ ಪ್ರಶ್ನೆ! ಕರಾಟೆಯಲ್ಲಿ ತಿರುಗುವ ಮುಂಚೆ ಒಂದು ಸಣ್ಣ ಜಿಗಿತ ಇರುತ್ತದೆ, ಊಟಕ್ಕೆ ಮುಂಚೆ ಕೈ ತೊಳೆಯುವ ಹಾಗೆ. ಮಸ್ಕಿಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು.

“ಅಲ್ಲಿ ಕಾಲು ನೆಲಕ್ಕ ಸವರಿಕೊಂಡು ಹೋಗಬೇಕು,” ಎಂದರು ಮೇಡಂ. “ಜಿಗಿಯೋದು ಯಾರು ಕಲಿಸ್ಯಾರ?”

ಸಂಘಮಿತ್ರಾ ಗೋಡೆಯ ಕಡೆ ನೋಡಿದಳು. ಅಲ್ಲಿ ಪಂಪಾಪತಿ ಸರ್ ಕೈ ಹಿಂದೆ ಕಟ್ಟಿ ನಿಂತಿದ್ದರು. ಸೋಮವಾರ ಮಂಗಳವಾರ ಸಿಂಧನೂರು, ಬುಧವಾರ ಗುರುವಾರ ಮಸ್ಕಿ, ಶುಕ್ರವಾರ ಶನಿವಾರ ಲಿಂಗಸುಗೂರು. ಮೂರೂರಿನ ಮಕ್ಕಳಿಗೂ ಅವರೊಬ್ಬರೇ ಸರ್. ಭಾನುವಾರ ಅವರು ಬಿಳಿ ಯೂನಿಫಾರ್ಮ್ ಒಗೆಯುತ್ತಾರೆ ಎಂದು ಮಕ್ಕಳು ಹೇಳುತ್ತಿದ್ದರು.

“ಯಾರೂ ಕಲಿಸಿಲ್ರಿ,” ಎಂದಳು ಸಂಘಮಿತ್ರಾ. “ನಂದ ತಪ್ಪು.”

ಮೇಡಂ ಕಾಗದದ ಮೇಲೆ ಇಂಟು ಮಾರ್ಕ್ ಹಾಕಿದರು. ಹಳದಿ ಬೆಲ್ಟ್ ಹೋಯಿತು! ಅವಳ ತಾಯಿ ಯಶೋಧರಾ ಮಸ್ಕಿಯ ಆಸ್ಪತ್ರೆಯಲ್ಲಿ ನರ್ಸ್. ‘ಭಾನುವಾರ ನಮ್ಮ ಹುಡುಗಿಗೆ ಹಳದಿ ಬೆಲ್ಟ್’ ಎಂದು ಇಡೀ ವಾರ್ಡಿಗೆ ಸಾರಿಬಿಟ್ಟಿದ್ದಳು. ಸಲಾಯಿನ್ ಹಚ್ಚಿಸಿಕೊಂಡು ಮಲಗಿದವರು ಸಹ ಶುಭಾಶಯ ಹೇಳಿ ಕಳಿಸಿದ್ದರು.

ಮುಂದಿನವನು ಲಿಂಗಸುಗೂರಿನ ಆಸೀಮ್. ಅವನೂ ಜಿಗಿದ. ಲಿಂಗಸುಗೂರಿನವರು ಸ್ವಲ್ಪ ಎತ್ತರಕ್ಕೇ ಜಿಗಿಯುತ್ತಾರೆ. ಆಮೇಲೆ ಸಿಂಧನೂರಿನ ವೀರೇಶ. ಅವನೂ ಜಿಗಿದ.

ಮೇಡಂ ಪೆನ್ನು ಕೆಳಗಿಟ್ಟರು. “ಎಲ್ಲಾರೂ ಒಮ್ಮೆಗೇ ಮಾಡ್ರಿ ನೋಡೋಣ.”

ಅರವತ್ತು ಮಕ್ಕಳು ಒಟ್ಟಿಗೆ ತಿರುಗಿದರು. ಧಡ್! ಪರೀಕ್ಷೆ ನಡೆದಿದ್ದ ಸಿಂಧನೂರಿನ ಕಲ್ಯಾಣ ಮಂಟಪದ ಅಡಿಗೆಮನೆಯಲ್ಲಿ ಬೋರಲು ಹಾಕಿದ್ದ ಪಾತ್ರೆಗಳು ಗಲಗಲ ಎಂದವು.

ಪಂಪಾಪತಿ ಸರ್ ಮುಂದೆ ಬಂದರು. “ತಡೀರಿ ಮೇಡಂ. ನಾ ಮಾಡ್ತೀನಿ, ನೋಡ್ರಿ.”

ಸರ್ ತಿರುಗಿದರು. ತಿರುಗುವ ಮುಂಚೆ ಅವರ ಎಡಗಾಲು ಚಂಗನೆ ಜಿಗಿಯಿತು. ಸರ್ ತಮ್ಮ ಕಾಲನ್ನೇ ನೋಡುತ್ತ ನಿಂತರು, ಯಾರೋ ಪಕ್ಕದ ಮನೆಯವರ ಕಾಲು ನೋಡುವ ಹಾಗೆ.

“ಮಕ್ಕಳದು ತಪ್ಪಿಲ್ರಿ,” ಎಂದರು. “ಇದು ನನ್ನ ಮೊಣಕಾಲಿನ ಕೆಲಸ.”

ಸರ್ ಹಟ್ಟಿಯವರು. ಅವರ ತಂದೆ ಚಿನ್ನದ ಗಣಿಯೊಳಗೆ ಇಳಿಯುತ್ತಿದ್ದರು. ಕಂಪನಿ ಕ್ವಾರ್ಟರ್ಸಿನ ಹಿಂದೆ ಹದಿಮೂರನೆಯ ವಯಸ್ಸಿಗೆ ಕಲಿಯಲು ಶುರು ಮಾಡಿದ ಸರ್ ಮತ್ತೆ ನಿಲ್ಲಿಸಲಿಲ್ಲ. ಅವರ ಮೊದಲ ಕ್ಲಾಸು ನಡೆದದ್ದು ದಢೇಸುಗೂರಿನ ಒಂದು ಕಣದಲ್ಲಿ. ನಾಲ್ಕೇ ಮಕ್ಕಳು. ಒಣಹಾಕಿದ ನೆಲ್ಲು ಎತ್ತುವ ತನಕ ಕಾಯುವುದು, ಆಮೇಲೆ ಪಂಚ್ ಹೊಡೆಯುವುದು.

ಇಪ್ಪತ್ತೆರಡು ವರ್ಷದ ಹಿಂದೆ ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವಾಗ ಅವರ ಬೈಕು ಜಾರಿತು. ಮೂರು ತಿಂಗಳು ಮಲಗಬೇಕು ಎಂದಿದ್ದರು ಡಾಕ್ಟರು. ಇಪ್ಪತ್ತನೆಯ ದಿನ ಸರ್ ಕಾಲಿಗೆ ಪಟ್ಟಿ ಕಟ್ಟಿಕೊಂಡು ಕ್ಲಾಸಿನಲ್ಲಿದ್ದರು. ಕಾಲು ಸವರಿದರೆ ನೋವು, ಜಿಗಿದರೆ ಇಲ್ಲ.

“ನೋವು ಹೋತ್ರಿ, ಜಿಗಿತ ಉಳೀತು,” ಎಂದರು ಸರ್. “ನನಗ ಗೊತ್ತಾಗ್ಲೇ ಇಲ್ಲ.”

ಮಕ್ಕಳೋ, ಅದೇ ಕರಾಟೆ ಎಂದು ಶ್ರದ್ಧೆಯಿಂದ ಕಲಿತಿದ್ದರು. ಇಷ್ಟು ವರ್ಷ ಪರೀಕ್ಷೆಯನ್ನೂ ಸರ್ ಅವರೇ ಮಾಡುತ್ತಿದ್ದರು. ಹೊರಗಿನವರ ಕಣ್ಣಿಗೂ ಒಮ್ಮೆ ಬೀಳಲಿ ಎಂದು ಈ ಸಲ ಮೇಡಂ ಅವರನ್ನು ಕರೆಸಿದವರೂ ಅವರೇ. ಸರ್ ಹತ್ತಿರ ಕಲಿತು ಪೊಲೀಸ್ ಆದವರಿದ್ದಾರೆ, ಮಿಲಿಟರಿ ಸೇರಿದವರಿದ್ದಾರೆ. ಎಲ್ಲೆಲ್ಲಿ ಜಿಗಿಯುತ್ತಿದ್ದಾರೋ!

“ಒಂದು ತಿಂಗಳ ಬಿಟ್ಟು ಮತ್ತ ಬರ್ತೀನಿ,” ಎಂದರು ಮೇಡಂ. ಬೆಲ್ಟುಗಳು ಚೀಲದಲ್ಲೇ ಉಳಿದವು.

ಮಸ್ಕಿ ಮತ್ತು ಲಿಂಗಸುಗೂರಿನ ಮಕ್ಕಳಿಗೆ ಒಂದೇ ಬಸ್ಸು. ಆಸೀಮ್ ದಾರಿಯುದ್ದಕ್ಕೂ ಗೊಣಗಿದ.

“ನಿಮ್ಮ ಸರ್ ಕಾಲಿಂದ ನಮ್ಮ ಬೆಲ್ಟ್ ಹೋತು ನೋಡು.”

“ನಮ್ಮ ಸರ್ ಅಂತ! ನಿಮಗ ಸರ್ ಅಲ್ಲೇನಲೇ?”

“ಶುಕ್ರವಾರ ಶನಿವಾರ ಅಷ್ಟ. ಅವರಿಗೇನು ಬಿಡು, ಬ್ಲ್ಯಾಕ್ ಬೆಲ್ಟ್ ಐತಿ. ಇನ್ನ ಯಾವ ಪರೀಕ್ಷೆನೂ ಇಲ್ಲ.”

ಸಂಘಮಿತ್ರಾ ಕಿಟಕಿಯ ಆಚೆ ನೋಡಿದಳು. ಅವಳಿಗೂ ಹಾಗೇ ಅನ್ನಿಸಿತ್ತು.

ಮನೆಯಲ್ಲಿ ತಾಯಿ ತಲೆಯ ಮೇಲೆ ಕೈ ಇಟ್ಟುಕೊಂಡಳು. “ಅಯ್ಯ, ವಾರ್ಡಿನ್ಯಾಗ ಏನು ಹೇಳ್ಲಿ ನಾ?”

ಬುಧವಾರ ಸಂಘಮಿತ್ರಾ ಬೇಕೆಂದೇ ತಡವಾಗಿ, ಕ್ಲಾಸು ನಡೆಯುವ ಸಮುದಾಯ ಭವನಕ್ಕೆ ಹೋದಳು. ಸರ್ ಬೈಯಲಿಲ್ಲ. ಕಾಲು ಸವರುವುದು ಹೇಗೆ ಎಂದು ಬಾಯಲ್ಲೇ ಹೇಳಿಕೊಟ್ಟರು. ಹತ್ತು ನಿಮಿಷಕ್ಕೆ ಅವಳಿಗೆ ಅದು ಬಂದುಬಿಟ್ಟಿತು. ಹತ್ತು ವರ್ಷದ ಕಾಲುಗಳು ಬಹಳ ಬೇಗ ಮಾತು ಕೇಳುತ್ತವೆ.

“ಸಂಘಮಿತ್ರಾ, ಇಲ್ಲಿ ಬಾ,” ಎಂದರು ಸರ್. “ನನ್ನ ಎದುರಿಗೆ ನಿಂದ್ರು. ನಾ ಜಿಗಿದ್ರ ಹೇಳು.”

ಸರ್ ತಿರುಗಿದರು. ಸಂಘಮಿತ್ರಾ ಫ್ಯಾನು ನೋಡಿದಳು.

“ಜಿಗಿದೆ ಏನು?”

“ಸ್ವಲ್ಪ ರೀ.”

“ಸ್ವಲ್ಪ ಜಿಗಿಯೋದು ಅಂದ್ರ ಹೆಂಗ?”

“…ಜಿಗಿದ್ರಿ, ಸರ್.”

ಹಿಂದೆ ಯಾರೋ ಕಿಸಕ್ಕನೆ ನಕ್ಕರು.

“ಹಾಂ,” ಎಂದರು ಸರ್. “ಇಷ್ಟು ವರ್ಷದಾಗ ನನ್ನ ಮಕ್ಕಳೊಳಗ ನೀ ಒಬ್ಬಾಕಿ ಹೇಳಿದಿ ನೋಡು. ಮತ್ತ ನೋಡು.”

ಜಿಗಿದರು. ಮತ್ತೆ ಜಿಗಿದರು. ಇಪ್ಪತ್ತು ಸಲ ಆಗುವ ಹೊತ್ತಿಗೆ ನಗುವವರು ಸುಮ್ಮನಾಗಿದ್ದರು. ಸರ್ ಅವರ ಗಲ್ಲದಿಂದ ಬೆವರು ಟಪಟಪ ಬೀಳುತ್ತಿತ್ತು. ಕಾಲು ಸವರಲು ಹೋದಾಗೊಮ್ಮೆ ಅವರ ಹುಬ್ಬು ಗಂಟಾಗುತ್ತಿತ್ತು. ಆ ಹಳೆಯ ನೋವು ಪೂರ್ತಿ ಹೋಗಿಲ್ಲ ಎಂದು ನರ್ಸಿನ ಮಗಳಿಗೆ ತಿಳಿಯಿತು.

ಮೂರನೆಯ ವಾರ ಒಂದು ಸಲ, ಒಂದೇ ಸಲ, ಅವರ ಕಾಲು ಸದ್ದಿಲ್ಲದೆ ನೆಲ ಸವರಿತು.

“ಈಗ?”

“ಇಲ್ರಿ!” ಎಂದು ಕೂಗಿದಳು ಸಂಘಮಿತ್ರಾ.

ಮರುಸಲ ಮತ್ತೆ ಜಿಗಿದರು.

ಅವತ್ತು ಕ್ಲಾಸು ಮುಗಿಯಿತು. ಮಕ್ಕಳೆಲ್ಲ ಹೋದರು. ಸಂಘಮಿತ್ರಾ ಬಾಗಿಲಲ್ಲಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಳು. ಒಳಗಿನಿಂದ ಧಡ್ ಎಂದು ಸದ್ದು ಬಂತು. ಸರ್ ಅವರ ಬಸ್ಸಿಗೆ ಇನ್ನು ಹತ್ತೇ ನಿಮಿಷ.

“ಜಿಗಿದ್ರಿ, ಸರ್,” ಎಂದಳು ಅವಳು, ತಿರುಗಿಯೂ ನೋಡದೆ.

“ಹಾಂ.”

ಅವಳು ಹಣಿಕಿ ನೋಡಿದಳು. ಸರ್ ಶುರು ಮಾಡಿದ ಜಾಗಕ್ಕೇ ಹೋಗಿ ನಿಂತಿದ್ದರು. ಖಾಲಿ ಹಾಲಿಗೆ ತಲೆ ಬಾಗಿಸಿ ವಂದಿಸಿದರು, ಮೊದಲ ದಿನ ಬಂದ ಹುಡುಗನ ಹಾಗೆ.

ಸಂಘಮಿತ್ರಾ ಚಪ್ಪಲಿ ಬಿಟ್ಟಳು. ಒಳಗೆ ಹೋಗಿ, ತನ್ನ ಬಿಳಿ ಬೆಲ್ಟ್ ಬಿಗಿ ಮಾಡಿಕೊಂಡು, ಸರ್ ಪಕ್ಕದಲ್ಲಿ ನಿಂತಳು.

“ನಿನಗ ಬಂದೈತಲ್ಲ, ಮತ್ಯಾಕ?” ಎಂದರು ಸರ್.

“ಇಬ್ರೂ ಮೊದಲಿಂದ ಮಾಡೋಣ್ರಿ, ಹೂಂ ಅನ್ರಿ ಸರ್,” ಎಂದಳು ಅವಳು.