ಜೀರೋ ವಿಮಾನದ ಎರಡು ತಂತಿ

ಹಟಾನಾಕಾನನ್ನು ಕೊಲ್ಲದೆ ಬಿಟ್ಟಿರುವುದೇ ತನ್ನ ದೊಡ್ಡತನ ಎಂದು ಕುಗಿಮಿಯಾ ನಂಬಿದ್ದ. ಸಾಯಬೇಕಾದದ್ದು ಅವನ ವಿಮಾನ ಮಾತ್ರ.

ಇಬ್ಬರದೂ ಒಂದೇ ಕಿಟ್. ಯುದ್ಧಕಾಲದ ಜಪಾನಿ ಯುದ್ಧವಿಮಾನ ಜೀರೋದ ಮಾದರಿ, ಒಂದು ಮಾರು ಅಗಲದ ರೆಕ್ಕೆ, ರಿಮೋಟಿನಲ್ಲಿ ಹಾರುವಂಥದ್ದು. ಆದರೆ ನದೀತೀರದ ಸ್ಪರ್ಧೆಯಲ್ಲಿ ಪ್ರತಿ ವಸಂತವೂ ಗೆಲ್ಲುತ್ತಿದ್ದವನು ಹಟಾನಾಕಾ. ಹೋದ ವರ್ಷ ಎಲ್ಲರೆದುರು ಕುಗಿಮಿಯಾನ ವಿಮಾನ ಸವರಿ, "ಕುಗಿಮಿಯಾ ಅವರೇ, ಇದು ಹಾರಿಸೋಕೋ, ಅನ್ನಕ್ಕೆ ನೆಂಚಿಕೊಳ್ಳೋಕೋ? ಥೇಟ್ ಸೌತೆಕಾಯಿ ಉಪ್ಪಿನಕಾಯಿ ಬಣ್ಣ!" ಎಂದಿದ್ದ. ಆ ಹಸಿರು ಬೆರೆಸಲು ಕುಗಿಮಿಯಾ ಇಡೀ ಚಳಿಗಾಲ ಕಳೆದಿದ್ದ.

ರೆಕ್ಕೆಯೊಳಗಿನ ಎಡ ಬಲ ತಂತಿಗಳನ್ನು ಅದಲುಬದಲು ಮಾಡಿದರೆ ಸಾಕು. ಎಡಕ್ಕೆ ವಾಲಿಸಿದರೆ ವಿಮಾನ ಬಲಕ್ಕೆ ವಾಲುತ್ತದೆ. ನೆಲ ಹತ್ತಿರವಿದ್ದಾಗ ದೇವರೂ ಉಳಿಸಲಾರ. ಮುರಿಯುವುದಿಲ್ಲ, ಕತ್ತರಿಸುವುದಿಲ್ಲ, ಜೋಡಿಸಿದವನದೇ ಕೈತಪ್ಪು ಎನ್ನುತ್ತಾರೆ. ಹಾರಿಸುವ ಮುನ್ನ ರೆಕ್ಕೆ ಆಡಿಸಿ ನೋಡುವುದು ಕಲಿಯುವವರ ಕೆಲಸ ಎಂದು ಹಟಾನಾಕಾನೇ ಜಂಬ ಕೊಚ್ಚುತ್ತಿದ್ದ.

ಸ್ಪರ್ಧೆಯ ಹಿಂದಿನ ಸಂಜೆ ಕ್ಲಬ್ಬಿನವರಿಗೆ ಅವನ ಮನೆಯಲ್ಲೇ ಊಟ. ಎಲ್ಲರೂ ಮೇಜಿನ ನಡುವೆ ಕುದಿಯುವ ಪಾತ್ರೆಯ ಸುತ್ತ ಕೂತು ತಿನ್ನುತ್ತಿದ್ದಾಗ ಕುಗಿಮಿಯಾ ಹೊಟ್ಟೆ ಹಿಡಿದುಕೊಂಡು ಎದ್ದ.

"ಮೂಲಂಗಿ ಜಾಸ್ತಿ ಆಯ್ತು ಅನ್ಸತ್ತೆ."

"ನಾಳೆಯ ಭಯ ಇವತ್ತೇ ಶುರುವಾಯ್ತಾ?" ಹಟಾನಾಕಾ ನಕ್ಕ.

ನಗಲಿ. ಅದೂ ಲೆಕ್ಕದಲ್ಲಿತ್ತು.

ಶೌಚಾಲಯದ ಬಾಗಿಲಲ್ಲಿ ಹಜಾರದ ಚಪ್ಪಲಿ ಬಿಟ್ಟು, ಅಲ್ಲಿಗೆಂದೇ ಒಳಗಿಟ್ಟಿದ್ದ ರಬ್ಬರ್ ಚಪ್ಪಲಿ ಮೆಟ್ಟಿದ. ಕೈಗೆ ಗವಸು ಹಾಕಿದ. ನೀರು ಬಿಟ್ಟು, ಅದರ ಸದ್ದಿನಲ್ಲೇ ಎದುರಿನ ವಿಮಾನದ ಕೋಣೆ ಸೇರಿದ. ನೆಲದ ತುಂಬ ಹಾಸಿದ್ದ ಹುಲ್ಲಿನ ಚಾಪೆಯ ಮೇಲೆ ಜೀರೋ ಮಲಗಿತ್ತು. ಅದರ ಹಸಿರು ನಿಜಕ್ಕೂ ಚೆನ್ನಾಗಿತ್ತು. ಸಿಟ್ಟು ಇನ್ನಷ್ಟು ಏರಿತು. ತಂತಿ ಬದಲಿಸಿ, ಸದ್ದಾಗಬಾರದೆಂದು ಬರೀ ಕಾಲುಚೀಲದಲ್ಲಿ ಶೌಚಾಲಯದ ಬಾಗಿಲಿಗೆ ಬಂದು, ಹಜಾರದ ಚಪ್ಪಲಿ ಮೆಟ್ಟಿಕೊಂಡು ಹಿಂತಿರುಗಿದ. ಗವಸು ಜೇಬಿನಲ್ಲಿತ್ತು. ಎಲ್ಲೂ ಒಂದು ಬೆರಳಚ್ಚಿಲ್ಲ. ಹೊಟ್ಟೆನೋವು ಮರೆತು ಇನ್ನಷ್ಟು ಮೂಲಂಗಿ ಹಾಕಿಸಿಕೊಂಡ.

ಆಗ ಹಜಾರದಿಂದ ಹಟಾನಾಕಾನ ಹೆಂಡತಿ ಕೂಗಿದಳು: "ರೀ, ಶೌಚದ ಚಪ್ಪಲಿ ನಿಮ್ಮ ವಿಮಾನದ ಕೋಣೆ ಮುಂದೆ ಬಂದು ಕೂತಿದೆಯಲ್ರೀ!" ಊಟದ ನಡುವೆ ಎದ್ದುಹೋಗಿದ್ದ ಒಬ್ಬನೇ ಒಬ್ಬನ ಕಡೆಗೆ ಎಲ್ಲರೂ ತಿರುಗಿದರು. ಹಟಾನಾಕಾ ಊಟದ ಕಡ್ಡಿ ಕೆಳಗಿಟ್ಟು, ಜೀವಮಾನದಲ್ಲಿ ಮೊದಲ ಸಲ ರೆಕ್ಕೆ ಆಡಿಸಿ ನೋಡಲು ಎದ್ದ. ಚಪ್ಪಲಿ ಕಾಲಲ್ಲಿ ಚಾಪೆ ತುಳಿಯುವಷ್ಟು ನೀಚನಾಗಲು ಕುಗಿಮಿಯಾನಿಗೆ ಸಾಧ್ಯವಾಗಿರಲಿಲ್ಲ. ಹೊಸ್ತಿಲಲ್ಲೇ ಕಳಚಿದ್ದ; ಅಮ್ಮ ಕಲಿಸಿದಂತೆ ಅಂದವಾಗಿ ಜೋಡಿಸಿ, ತುದಿ ಹೊರಗೆ ತಿರುಗಿಸಿ.