ಅರ್ಧ ಕರೆದ ಹೆಸರು

ಪಾರ್ಶ್ವವಾಯು ಬಡಿದ ಮೇಲೆ ನನ್ನಕ್ಕನಿಗೆ ಪದಗಳು ಒಂದೊಂದಾಗಿ ಕೈತಪ್ಪುತ್ತಿದ್ದವು. ಮನುಷ್ಯರು ಪದಗಳನ್ನು ಹೇಗೆ ಮರೆಯುತ್ತಾರೆಂದು ತಿಳಿಯಲು ನಮ್ಮ ಪ್ರಯೋಗಾಲಯದಲ್ಲಿ ಮಿದುಳಿನಂತೆ ಕಲಿಯುವ ಯಂತ್ರವೊಂದಕ್ಕೆ, ಕೃತಕ ನರಜಾಲಕ್ಕೆ, ಅವಳ ತಪ್ಪು ಉತ್ತರಗಳನ್ನೇ ಕಲಿಸಿದ್ದೆವು. ಚಿತ್ರ ತೋರಿಸಿದರೆ ಅದು ಹೆಸರು ಬರೆಯುತ್ತಿತ್ತು.

ಒಂದು ಮಧ್ಯಾಹ್ನ ಬಾಚಣಿಗೆಯ ಚಿತ್ರಕ್ಕೆ ಅಕ್ಕ ಎಂದೂ ಹೇಳಿರದ ಉತ್ತರವೊಂದನ್ನು ಅದು ಕೊಟ್ಟಿತು: "ಬೆಳದಿಂಗಳು". ನಕ್ಕು ಮುಂದಿನ ಚಿತ್ರ ತೋರಿಸಿದೆ. ಸಂಜೆ ಮನೆಗೆ ಹೋದರೆ ಅಕ್ಕ ಕೂದಲು ಬಿಚ್ಚಿಕೊಂಡು ಕೂತಿದ್ದಳು.

"ಆ ಬೆಳದಿಂಗಳು ಇತ್ತ ಕೊಡೇ," ಎಂದಳು. ಕಿಟಕಿಯ ಬಿಸಿಲಲ್ಲಿದ್ದ ಬಾಚಣಿಗೆ ಮುಟ್ಟಿದರೆ ಮಂಜಿನಂತೆ ತಣ್ಣಗಿತ್ತು.

ಮರುದಿನ ಯಂತ್ರ ಲೋಟಕ್ಕೆ "ಮೊಲ" ಎಂದಿತು. ಸಂಜೆ ಅಕ್ಕ ಮೊಲದಲ್ಲಿ ನೀರು ಕೇಳಿದಳು.

ಮೂರನೆಯ ದಿನ ತಡೆಯಲಾರದೆ ನನ್ನದೇ ಫೋಟೋ ತೋರಿಸಿದೆ. ಅದು ಎಂದೂ ಇಲ್ಲದಷ್ಟು ಹೊತ್ತು ತೆಗೆದುಕೊಂಡಿತು. ಕೋಣೆಯ ತುಂಬ ಅಕ್ಕನ ಒದ್ದೆ ಕೂದಲಿನ ವಾಸನೆ ಹರಡಿತು. ಪರದೆಯ ಮೇಲೆ "ಮೋ" ಎಂದು ಮೂಡುತ್ತಲೇ ಪ್ಲಗ್ ಕಿತ್ತುಬಿಟ್ಟೆ.

ಸಂಜೆ ಬಾಗಿಲಲ್ಲೇ ಅಕ್ಕ ಕೈಚಾಚಿ, "ಬಂದ್ಯಾ, ಮೋ..." ಎಂದು ಅರ್ಧಕ್ಕೇ ನಿಲ್ಲಿಸಿದಳು.

"ಮುಂದೇನಕ್ಕಾ?"

"ನೀನೇ ತಾನೇ ನಿಲ್ಲಿಸಿದ್ದು," ಎಂದು ಮಗುವಿನಂತೆ ನಕ್ಕಳು.

ಇದಾಗಿ ಎರಡು ವರ್ಷ. ಆ ಯಂತ್ರವನ್ನು ಮತ್ತೆ ಚಾಲು ಮಾಡುವ ಧೈರ್ಯ ನನಗಿನ್ನೂ ಬಂದಿಲ್ಲ. ನನ್ನ ಹೆಸರಿನಲ್ಲಿ "ಮೋ" ಎಂಬ ಅಕ್ಷರವೇ ಇಲ್ಲ. ಅಕ್ಕ ಈಗಲೂ ನನ್ನನ್ನು ಅಷ್ಟೇ ಕರೆದು, ಉಳಿದದ್ದಕ್ಕಾಗಿ ನನ್ನ ಬಾಯನ್ನೇ ನೋಡುತ್ತಾಳೆ.